ಎರಿಭೂತದ ಕಾವಲು

ಇದು ನಮ್ಮ ಪಕ್ಕದ ಮನೆಯ ಗುದ್ಲೆಪ್ಪನಿಗೆ ಆದದ್ದು. ಅಬಲೂರಿನಲ್ಲಿ, ಮೂವತ್ತೆಂಟನೇ ಇಸವಿ, ಸೀಗಿಹುಣ್ಣಿಮೆ ಕಳೆದ ಮೇಲೆ.

ಆ ರಾತ್ರಿ ಅವನು ಎರೆಹೊಲ ಬಿಟ್ಟು ಮನೆಯ ಕಡೆ ಹೊರಟಿದ್ದ. ಬಿಡಬಾರದಿತ್ತು. ಆದರೆ ಮೂರು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಕಾಲು ತಾವೇ ನಡೆದಿದ್ದವು.

ಅವನು ಕಾಯುತ್ತಿದ್ದದ್ದು ಒಂದು ಮೊಟ್ಟೆ. ಎರೆಹೊಲದಲ್ಲಿ ಓಡಾಡುವ ಸೊಂಟದೆತ್ತರದ ಹಕ್ಕಿಗೆ ನಮ್ಮಲ್ಲಿ ಎರಿಭೂತ ಎನ್ನುತ್ತಾರೆ. ಬೇಟೆಯವರು ಹೊಡೆದು ಹೊಡೆದು ಸುತ್ತ ಒಂದೇ ಜೋಡಿ ಉಳಿದಿತ್ತು. ಅದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದೂ ಬರೀ ನೆಲದ ಮೇಲೆ. ಸರಕಾರದ ಜಂಗಲ್ ಖಾತೆ, ಶಿಗ್ಗಾಂವಿಯ ಜೀವದಯಾ ಮಂಡಳಿ ಎರಡೂ ಕೂಡಿ ಕಾಯಬೇಕೆಂದು ಠರಾಯಿಸಿದವು. ಹಗಲಿಗೆ ಗುದ್ಲೆಪ್ಪ. ರಾತ್ರಿಯವನನ್ನು ಮಂಡಳಿ ಕಳಿಸುತ್ತದೆ ಎಂದು ಖಾತೆ ಸುಮ್ಮನಾಯಿತು. ಖಾತೆ ಕಳಿಸುತ್ತದೆ ಎಂದು ಮಂಡಳಿ ಸುಮ್ಮನಾಯಿತು. ಯಾರೂ ಬರಲಿಲ್ಲ, ರಾತ್ರಿಯೂ ಗುದ್ಲೆಪ್ಪನೇ ಕುಂತ. ಡಂಗುರ ಮಾತ್ರ ಕೂಡಿಯೇ ಹೊಡೆಸಿದರು.

"ಇವತ್ತಿಂದ ರಾತ್ರಿ ಎರಿಭೂತದ ಕಾವಲ ಐತ್ರಿಪಾ! ಯಾರೂ ಹೊಲಕ್ಕ ಹೋಗಬ್ಯಾಡ್ರಿ!"

ಅವನ ಅತ್ತಿಗೆ ಮಂಜವ್ವ ನಕ್ಕಿದ್ದಳು. "ಭೂತಾನ ಕಾವಲ ಕುಂದರತೈತಂತಲ್ಲೋ ಗುದ್ಲೆಪ್ಪ! ನೀ ಯಾಕ ಸಾಯ್ತಿ, ಬಂದು ಮಲ್ಕೋ."

ಮನೆಯ ದಾರಿಯಲ್ಲಿ ಹಾಳು ಬಾವಿ ಬಂತು. ಗಡಗಡಿ ಕಿರ್ರ್... ಎಂದಿತು. ಗಾಳಿ ಇರಲಿಲ್ಲ. ಹಗ್ಗವೂ ಇರಲಿಲ್ಲ.

ಕಟ್ಟೆಯ ಮೇಲೆ ಯಾರೋ ಕಂಬಳಿ ಹೊದ್ದು ಕುಂತಿದ್ದ.

"ಯಾರ್ರಿ?" ಗುದ್ಲೆಪ್ಪ ಪಿಸುಗುಟ್ಟಿದ.

"ಪಾಳಿಯವ."

"ರಾತ್ರಿ ಪಾಳಿಯವರಾ?"

"ಹೂಂ..."

"ಖಾತೆಯವರು ಕಳಿಸಿದ್ರೋ, ಮಂಡಳಿಯವರೋ?"



"ಡಂಗುರ ಕೇಳಿದೆ. ನನ್ನ ಹೆಸರು ಕೂಗಿದ್ರು... ಬಂದೆ."

ಗುದ್ಲೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಓಡಲು ತ್ರಾಣವಿರಲಿಲ್ಲ. ಹೆದರಲೂ ಇರಲಿಲ್ಲ.

"ನರಿ ಬರ್ತಾವ್ರಿ," ಎಂದ. "ಮೊಟ್ಟಿ ಬಡಗಣ ಬದುವಿನ ಬಾಜೂಕ..."

"ಗೊತ್ತೈತಿ. ನೀ ನಡಿ."

ನಡೆದ. ಹಿಂದೆ ಕಟ್ಟೆಯಿಂದ ಇಳಿದ ಸಪ್ಪಳ... ಧಪ್. ಆಮೇಲೆ ಒಣ ಕೂಳೆಯ ಮೇಲೆ ಚರಕ್... ಚರಕ್... ಹೊಲದ ಕಡೆಗೆ. ದೂರದಲ್ಲಿ ನರಿಯೊಂದು ಊಳಿಡತೊಡಗಿತು. ನಡುವೆಯೇ ನಿಲ್ಲಿಸಿಬಿಟ್ಟಿತು.

ಗುದ್ಲೆಪ್ಪನಿಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಹೊಲದ ಕಡೆ ಓಡಿದ. ಹೋಗುತ್ತ ನಮ್ಮ ಬಾಗಿಲು ಬಡಿದು ನನ್ನನ್ನೂ ಎಬ್ಬಿಸಿದ.

ನಮ್ಮ ಸಪ್ಪಳಕ್ಕೆ ತಾಯಿ ಹಕ್ಕಿ ಎದ್ದು ಅತ್ತ ಸರಿಯಿತು. ಮೊಟ್ಟೆ ಇತ್ತು. ಒಂದು ಗೀರೂ ಬಿದ್ದಿರಲಿಲ್ಲ.

ಹೊಲದ ತುಂಬ ಇಬ್ಬನಿ. ಬದುವಿನ ಮೇಲೆ, ಮೊಟ್ಟೆಗೆ ಎರಡು ಮಾರು ಈಚೆ, ಒಬ್ಬ ಆಳು ಕುಂತಷ್ಟು ಜಾಗದಲ್ಲಿ ಮಾತ್ರ ಬಿದ್ದಿರಲಿಲ್ಲ.

ಖರೇನೇ ಆದದ್ದು. ನಾನೇ ಕೈಯಿಟ್ಟು ನೋಡಿದೆ. ಒಣ ಮಣ್ಣು.