ರಾಜನಿಗೆ ಒಂದು ನೆಗೆತ

ಬ್ಯಾಡ್ರೀ ಮಾಸ್ತರ, ಬ್ಯಾಡ! ಒಳಗ ಬರಂಗಿಲ್ಲ ಅಂದೆ ಅಲ್ಲ... ಇಲ್ಲೇ ಕಟ್ಟಿ ಮ್ಯಾಲ ಆರಾಮ ಐತಿ. ಬೇವಿನ ಗಿಡದ ನೆಳ್ಳು, ಗಾಳಿ... ಆ ಚೆಸ್ ಬೋರ್ಡು ಇಲ್ಲೇ ತಂದೀರಲ್ಲ, ಸಾಕು. ಮಲ್ಲಿಗಿ ಹೂವು ಇಳಸಾಕ ನಿಮ್ಮ ಹರಪನಹಳ್ಳಿಗೆ ಬಂದಿದ್ದೆ, ವಾಪಸ್ ಹಡಗಲಿ ಬಸ್ಸು ತಪ್ಪತು. ಹೈಸ್ಕೂಲ್ ಹುಡುಗರಿಗೆ ಚೆಸ್ ಕಲಸೋ ಕ್ರಾಂತಿಕುಮಾರ ಮಾಸ್ತರ ಮನಿ ಇಲ್ಲೇ ಐತಲ್ಲ, ಒಂದು ಆಟದ ಸಂಶೆ ಕೇಳಿಕೊಂಡು ಹೋಗೂನು ಅಂತ ಬಂದೆ. ಅಷ್ಟ. ಬ್ಯಾರೆ ಏನಿಲ್ಲ.

ಯಾಕ ನಗ್ತೀರಿ? ಹ್ಞಾ, ಅಂದೀನಿ, ಇಲ್ಲ ಅನ್ನಂಗಿಲ್ಲ. ನನ್ನ ಮಗಳು ಸುಕನ್ಯಾ ಜಾತಿ ಬಿಟ್ಟು ನಿಮ್ಮನ್ನ ಲಗ್ನ ಆದಾಗ, ಆ ಮನಿ ಹೊಸ್ತಿಲ ತುಳಿಯಂಗಿಲ್ಲ ಅಂತ ಹೂವಿನ ಪ್ಯಾಟ್ಯಾಗ ಎಲ್ಲಾರ ಮುಂದ ಅಂದಾಂವ ನಾನಾ. ಈ ಹಾಲಸ್ವಾಮಿ ಒಂದು ಮಾತು ಅಂದ್ರ ಮುಗೀತು! ಆದ್ರ... ಕಟ್ಟಿ ಮ್ಯಾಲ ಕುಂದ್ರಂಗಿಲ್ಲ ಅಂತ ಎಲ್ಲಿ ಅಂದೀನಿ?

ಬಿಡ್ರಿ ಅದನ್ನ. ಪೇಪರ್ ನೋಡ್ರಿ ಇಲ್ಲಿ. ವಿಶ್ವ ಪಟ್ಟದ ಪಂದ್ಯ. ಡ್ರಾ! ಇಷ್ಟುದ್ದ ಆಡಿ, ಕೈ ಕುಲುಕಿ ಎದ್ದು ಹೋಗ್ಯಾರ! ಅಲ್ರೀ, ಗೆಲ್ಲೂ ಆಟ ಕೈಯಾಗಿಟ್ಕೊಂಡು... ನನಗ ರಾತ್ರಿ ನಿದ್ದಿ ಹತ್ಲಿಲ್ಲ ನೋಡ್ರಿ. ಕಾಯಿ ಇಡ್ರಿ, ಇಡ್ರಿ. ಬಿಳೀ ರಾಜ ಇಲ್ಲಿ ಬಲಕ್ಕ. ಅವನ ಒಂದಾ ಒಂದು ಪ್ಯಾದಿ ಅಲ್ಲಿ, ಎಡಕ್ಕ, ದೂರ. ಇನ್ನೆರಡು ಮನಿ ನಡದ್ರ ಮಂತ್ರಿ ಆಗೂದು ಅದು. ನಡುವ ಈ ಕರೀ ಆನಿ ಐತಲ್ಲ, ದರಿದ್ರದ್ದು, ಉದ್ದಕೂ ಗೆರಿ ಕಾಯ್ಕೊಂತ ನಿಂತೈತಿ. ರಾಜ ಪಾಪ ಒಂದೊಂದಾ ಮನಿ ನಡಿಯಾಂವ. ಆ ಗೆರಿ ಮ್ಯಾಲ ಕಾಲಿಟ್ರ ಆನಿ ಬಾಯಿಗೆ! ಈ ಕಡಿ ರಾಜ, ಆ ಕಡಿ ಅವನ ಕೂಸು... ಪ್ಯಾದಿ. ಪ್ಯಾದಿ ಅಂದೆ. ಹೋಗ್ತಾನ, ಬರ್ತಾನ... ಹೋಗ್ತಾನ, ಬರ್ತಾನ... ಕಡೀಗೆ ಸಾಕಾಗಿ ಡ್ರಾ.

ಏನು? ಓಣಿ ಕಡೆ ಯಾಕ ಕಣ್ಣು ಮಾಡ್ತೀರಿ? ನಾ ಮುಂಜಾನಿಂದ ಆ ಕಡಿ ಈ ಕಡಿ ಅಡ್ಡಾಡಿದ್ದು ನೋಡೀರೇನು! ಅದು... ನಿಮ್ಮ ಮನಿ ಯಾವುದು ಅಂತ ತಿಳೀಲಿಲ್ಲ. ಬಾಗಲ ಮ್ಯಾಲ ಹೆಸರು ಬರಸೀರಿ, ಖರೇ. ಕನ್ನಡಕ ತಂದಿದ್ದಿಲ್ಲ. ಮೂಗಿನ ಮ್ಯಾಲ ಇರೂದಾ? ಇದು... ಇದು ಪೇಪರ್ ಓದಾಕ. ಮಾತು ಮರಸಬ್ಯಾಡ್ರಿ ಮಾಸ್ತರ!

ಈಗ ನಮ್ಮ ಹಡಗಲಿ ಕಟ್ಟಿ ಆಟದ ಕಾಯ್ದೆ ಏನು? ರಾಜಗ ಒಂದು ನೆಗೆತ. ಕುದುರಿಯಂಗ! ಆಟಕ್ಕ ಒಂದಾ ಸಲ. ಷಾ, ಅಂದ್ರ ನಿಮ್ಮ ಚೆಕ್, ಬೀಳೂದ್ರೊಳಗ ನೆಗೀಬೇಕು. ಷಾ ಬಿತ್ತೋ, ನೆಗೆತ ಹೋತು. ಈ ರಾಜಗ ಇನ್ನೂ ಒಂದು ಷಾನೂ ಬಿದ್ದಿಲ್ಲ. ನೆಗಿಯಲೇ, ನೆಗಿ! ಎರಡು ಮನಿ ಆ ಕಡಿ, ಒಂದು ಮನಿ ಮುಂದ... ಟಪ್! ಗೆರಿ ದಾಟಿದ! ಆನಿ ಬಾಯಿ ಬಿಟ್ಕೊಂಡು ನೋಡಬೇಕು! ಹೇಳ್ರಿ, ಅಷ್ಟು ದೊಡ್ಡ ಆಟಗಾರನಿಗೆ ಇದು ಹೊಳೀಲಿಲ್ಲಲ್ಲ?

ಯಾಕ ತಲಿ ಆಡಸ್ತೀರಿ? ಪೇಪರ್ ಆಟದಾಗ ರಾಜಗ ನೆಗೆತ ಇಲ್ಲ ಅನ್ರಿ! ಹುಡುಗರು ಹಿಂಗ ನಡಸಿದ್ರ ಕಿವಿ ಹಿಂಡಂಗಿಲ್ಲೇನು? ಹೇಳ್ರಿ ಮತ್ತ...

ಮನಿ ಒಳಗ ನೋಡಿ ನಗ್ತೀರಲ್ಲ.

ಓಹೋ... ಸುಕನ್ಯಾ ಹೇಳ್ಯಾಳ. ಪೇಪರ್ ಆಟದ ಕಾಯ್ದೆ ನಮ್ಮಪ್ಪಗ ಕಲಿಸಿದಾಕಿ ನಾನಾ ಅಂತ ಹೇಳ್ಯಾಳ, ಹೌದಿಲ್ಲೋ? ಲಂಗಾ ಹಾಕ್ಕೊಳ್ಳೂ ವಯಸ್ಸಿನಾಗ, ಅಪ್ಪಾ ಹಿಂಗ ನೆಗದ್ರ ಮೋಸ ಅಂತ ಕಾಯೆಲ್ಲಾ ಚೆಲ್ಲಾಡಿ ಅಳಾಕಿ... ಎಲ್ಲಾ ಗೊತ್ತಿದ್ದೂ ಇಷ್ಟೊತ್ತು ನನ್ನ ಬಡಾಯಿ ಕೇಳ್ಕೊಂತ ಕುಂತೀರಿ. ಭಾಳ ಗಟ್ಟಿ ಮನಿಷ್ಯಾರು ನೀವು!

ತಡೀರಿ... ಅತ್ತದ್ದು ಯಾರು? ಕೂಸಾ? ಅಬ್ಬಾ, ಏನು ದನಿ! ನಮ್ಮವ್ವನ ದನಿ ಅದು, ಥೇಟ್! ನಮ್ಮಾಕಿ ದಾಕ್ಷಾಯಣಿ ಬಂದು ನೋಡಿ ಹೋದಾಗಿಂದ ಒಂದಾ ರಾಗ, ಮೂಗು ನಿಮ್ದಾ, ಹಣಿ ನಿಮ್ದಾ ಅಂತ. ನಾ ಕೇಳಿದವನಾ ಅಲ್ಲ. ಮೂಗು ಹೆಂಗೈತಿ ಇನ್ನೊಮ್ಮೆ ಹೇಳು ಅಂತ ಅಷ್ಟ ಕೇಳಿದ್ದು.

ಚೀಲ ನೋಡಬ್ಯಾಡ್ರಿ. ಖಾಲಿ ಐತಿ. ಖಾಲಿ ಅಂದ್ರ... ಒಂದು ದಂಡಿ ಮಲ್ಲಿಗಿ, ಮಗಳ ಮುಡಿಗೆ. ಮ್ಯಾಲ ಒಂದು ಕುಲಾಯಿ, ಕೂಸಿನ ತಲೀಗೆ. ಹೂವು ಇಳಸಾಕ ಬಂದಿಲ್ರೀ ನಾನು. ಬಸ್ಸೂ ತಪ್ಪಿಲ್ಲ. ಜೀವ ತಡೀಲಿಲ್ಲ, ಬಂದೆ.

ಏನಿದು? ಬಿಳೀ ರಾಜನ್ನ ನನ್ನ ಅಂಗೈಯಾಗ ಯಾಕ ಇಡ್ತೀರಿ? ನೆಗೀಲಿ ಅಂತನಾ? ಚೆಸ್ ಮಾಸ್ತರ ಆಗಿ ಕಾಯ್ದೆ ಮುರೀತೀರಾ!... ಅಯ್ಯ, ಅಲ್ನೋಡ್ರಿ, ಆಕೀನೂ ಕೂಸು ಎತ್ಕೊಂಡು ಬಾಗಲಾಗ ಬಂದು ನಿಂತ್ಲು. ನಗ್ತಾಳ, ಕಣ್ಣಾಗ ನೀರು ಬ್ಯಾರೆ. ಇನ್ನೇನು ಷಾ ಅಂತಾಳ! ತಡಿಯವ್ವಾ, ತಡಿ, ಬಾಯಿ ತಗೀಬ್ಯಾಡ. ಷಾ ಬೀಳೂದ್ರೊಳಗ ನೆಗೀತೀನಿ. ಒಂದು ಚೊಂಬು ನೀರು ತಾ ಕಾಲಿಗೆ, ಬಸ್ಸಿನ ಧೂಳೈತಿ.

ಹೊಸ್ತಿಲ ತುಳಿಯಂಗಿಲ್ಲ ಅಂದಿದ್ದೆ ಅಲ್ಲ? ತುಳಿಯಂಗಿಲ್ಲ. ದಾಟ್ತೀನಿ! ಅಯ್ಯಯ್ಯೋ... ನೆಗೆತ ರಾಜಗ ಐತ್ರಿ, ಈ ಮೊಣಕಾಲಿಗೆ ಇಲ್ಲ. ಒಂದು ಕೈ ಕೊಡ್ರಿ... ಅಳಿಯಂದ್ರ.