ಕೂಗಿದ ಹೇಟೆ

ಕೊಪ್ಪದ ಪಶು ಆಸ್ಪತ್ರೆಯಿಂದ ಹೊರಬಂದ ಅತ್ತೆ ಸೊಸೆ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಕೂತರು. ಸೊಸೆಯ ಮಡಿಲಿನ ಬುಟ್ಟಿಯಲ್ಲಿ ಒಂದು ಹೇಟೆ ಕೋಳಿ.

“ಹೇಟೆ ಹುಂಜದ ಹಾಗೆ ಕೂಗಿದ್ರೆ ಮನೆಗೆ ಕೇಡು. ಇವತ್ತೇ ಕೊಯ್ಯೋದು.”

“ಡಾಕ್ಟ್ರು ಹೇಳಿದ್ದು ಕೇಳ್ಲಿಲ್ವಾ ಅತ್ತೆ? ಕೋಳಿಗೆ ಕೆಲಸ ಮಾಡೋ ಅಂಡಾಶಯ ಒಂದೇ. ಅದು ಹಾಳಾಗಿ ಹೆಣ್ಣು ಹಾರ್ಮೋನು ಕಮ್ಮಿಯಾಗಿದೆ. ಅದಕ್ಕೇ ಕೂಗ್ತದೆ.”

“ಇನ್ನು ಮೊಟ್ಟೆ ಇಡ್ತದಾ?”

“ಇಲ್ಲ.”

“ಮತ್ತೆ ಎಂತಕ್ಕೆ ಸಾಕೋದು?”

ಸೊಸೆ ಬುಟ್ಟಿಯನ್ನು ಬಿಗಿಯಾಗಿ ಹಿಡಿದಳು.

“ಹೋದ ವರ್ಷ ನನ್ನ ಎರಡೂ ಅಂಡಾಶಯ ತೆಗೆದ್ರಲ್ಲ ಅತ್ತೆ. ನನ್ನನ್ನ ಎಂತಕ್ಕೆ ಇಟ್ಕೊಂಡಿದೀರಿ?”

ಎನ್.ಆರ್.ಪುರದ ಬಸ್ಸು ಬಂದಾಗ ಅತ್ತೆ ಎದ್ದು ಕೈ ಚಾಚಿದರು.

“ಕೊಡು ಬುಟ್ಟಿ, ನಾನು ಹಿಡ್ಕೊಳ್ತೇನೆ. ಕೂಗಿದ್ರೆ ಕೂಗ್ಲಿ ಮಾರಾಯ್ತಿ.”

ಇಬ್ಬರೂ ಬಸ್ಸು ಹತ್ತಿದರು.