ಉದ್ದದ ಜೀಪೋ, ಗಿಡ್ಡದ್ದೋ

"ಇವನ ಮಂಡೆಯಲ್ಲಿ ಸೆಗಣಿ ಉಂಟು! ಜೀಪು ತೆಗೆದುಕೊಳ್ಳುವ ಮುಖ ನೋಡಿ!"

ಬದಿಯಡ್ಕದ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಕೇಳುವಂತೆ ಅಕ್ಕನ ಗಂಡ ಲೆಸ್ಲಿ ಹೀಗೆಂದಾಗ ಕ್ಲೆಟಸ್‌ನ ಕಿವಿ ಕೆಂಡವಾಯಿತು. ಯಾರೋ ನಕ್ಕರು.

"ಗಿಡ್ಡದ್ದೇ ಸಾಕು ಭಾವ. ನಮ್ಮ ಗುಡ್ಡದ ಮಣ್ಣುದಾರಿಯ ತಿರುವಿನಲ್ಲಿ ಉದ್ದದ ಜೀಪು ಒಂದೇ ಸಲಕ್ಕೆ ತಿರುಗುವುದಿಲ್ಲ."

"ರಿವರ್ಸ್ ತೆಗಿ ಮಾರಾಯ."

"ಹಿಂದೆ ಎಂತ ಉಂಟು, ಗೊತ್ತುಂಟಲ್ಲ? ಪ್ರಪಾತ!"

"ಜೀಪು ನಿನ್ನ ಅಮ್ಮನನ್ನು ಆಸ್ಪತ್ರೆಗೆ ಕೊಂಡುಹೋಗಲಿಕ್ಕಲ್ವಾ?"

"ಹೌದು. ಮುಂದೆ ನನ್ನ ಹತ್ತಿರ ಕೂತುಕೊಳ್ತಾರೆ."

"ಇವತ್ತು ಕೂತುಕೊಳ್ತಾರೆ." ಲೆಸ್ಲಿಯ ದನಿ ತಗ್ಗಿತು. "ಕೂರಲಿಕ್ಕೆ ಆಗದ ದಿನ ಬಂದರೆ, ಆ ಗಿಡ್ಡದರಲ್ಲಿ ಅವರನ್ನು ಹೇಗೆ ಮಲಗಿಸ್ತಿ?"

ಕ್ಲೆಟಸ್ ಅವನನ್ನು ದುರುಗುಟ್ಟಿ ನೋಡಿದ. ಊರಿಗೆ ಹೊರಟು ನಿಂತ ಬಸ್ಸನ್ನೂ ಹತ್ತದೆ, ಮನೆಯ ದಾರಿ ಹಿಡಿದು ಬಿರಬಿರನೆ ನಡೆದುಬಿಟ್ಟ.